ಮೊದಲ ಮನೆಯ ಖರೀದಿ ಮತ್ತು ಮಧ್ಯವರ್ತಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ಮನೆ ಕಟ್ಟಿಸುವವನು ತನ್ನ ಕಣ್ಣೆದುರಿಗೇ ತಳಪಾಯ ತೋಡಿಸಿ, ಕಲ್ಲು ಮರಗಳನ್ನು ತಾನೇ ಆರಿಸಿ ತರುತ್ತಿದ್ದನು. ನೆಲ ಯಾರದೆಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ಇಂದು ನಗರದಲ್ಲಿ ನೆಲೆಸುವ ಕುಟುಂಬದ ಪರಿಸ್ಥಿತಿ ಬೇರೆಯಾಗಿದೆ. ಹಿಂದೆಂದೂ ಕಾಣದ ನೆಲದ ಮೇಲೆ, ಪರಿಚಯವಿಲ್ಲದವರು ಕಟ್ಟುತ್ತಿರುವ, ಅನೇಕ ವೇಳೆ ಇನ್ನೂ ಅರ್ಧವೇ ಆಗಿರುವ ಕಟ್ಟಡದ ಒಂದು ಭಾಗವನ್ನು ಅದು ಕೇವಲ ನಕ್ಷೆಯನ್ನು ನೋಡಿ ಕೊಳ್ಳುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಮಧ್ಯವರ್ತಿಯೊಬ್ಬನು ನಿಂತಿರುತ್ತಾನೆ. ದಲ್ಲಾಳಿ, ಬ್ರೋಕರ್, ಏಜೆಂಟ, ಸಲಹೆಗಾರ ಎಂದು ಅವನಿಗೆ ಹಲವು ಹೆಸರುಗಳು. ಈ ವ್ಯಕ್ತಿಯೊಡನೆ ವ್ಯವಹರಿಸುವ ಬಗೆಯನ್ನು ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ವಿಷಯವನ್ನು ಸ್ಪಷ್ಟಪಡಿಸಲು ಮಹಾರಾಷ್ಟ್ರದ ಅಂಬಡ್ ಎಂಬ ಸ್ಥಳವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ನಾಸಿಕ ನಗರದ ನೈರುತ್ಯದ ಅಂಚಿನಲ್ಲಿ, ಮುಂಬಯಿ–ಆಗ್ರಾ ಹೆದ್ದಾರಿಗೆ ಸಮೀಪದಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ನಿರ್ಮಿಸಿದ ಕೈಗಾರಿಕಾ ಪ್ರದೇಶವಿದು. ಇದರ ಮಗ್ಗುಲಲ್ಲೇ, 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ಬೆಳೆಸಿದ ‘ನವೀನ ನಾಸಿಕ’ ಬಡಾವಣೆಗಳಿವೆ. ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರು ಮೊದಲು ಬಾಡಿಗೆಯ ಖೋಲಿಯಲ್ಲಿದ್ದು, ಹತ್ತು ಹದಿನೈದು ವರ್ಷಗಳ ಉಳಿತಾಯದ ನಂತರ ಸುತ್ತಮುತ್ತಲ ಪಾಥರ್ಡಿ ಫಾಟಾ, ಕಾಮಟವಾಡೆ ಮುಂತಾದ ಕಡೆ ಸ್ವಂತ ಮನೆಗಾಗಿ ಹುಡುಕುವುದು ಇಂಥ ಪ್ರದೇಶಗಳಲ್ಲಿ ಸಾಮಾನ್ಯ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಿಂದ ಬಂದ ಕಾರ್ಮಿಕನೊಬ್ಬನು ಹೀಗೆ ಮನೆ ಕೊಳ್ಳಲು ಹೊರಟಿದ್ದಾನೆಂದು ಊಹಿಸಿಕೊಳ್ಳೋಣ. ಅವನ ಕೈಯಲ್ಲಿ ಭವಿಷ್ಯನಿಧಿಯ ಸ್ವಲ್ಪ ಹಣವೂ, ಹೆಂಡತಿಯ ಒಡವೆಯ ಮೇಲೆ ತೆಗೆದ ಸಾಲವೂ ಇದೆ. ಭಾನುವಾರ ಮನೆ ತೋರಿಸಿದ ಏಜೆಂಟನು, ‘ಸಾಹೇಬರೆ, ಸಂಜೆಗೆ ಇನ್ನೊಂದು ಪಾರ್ಟಿ ಬರುವುದಿದೆ, ಇಂದೇ ಟೋಕನ್ ಕೊಟ್ಟರೆ ಮನೆ ನಿಮ್ಮದು’ ಎನ್ನುತ್ತಾನೆ. ಈ ಒಂದು ಸಂಜೆಯ ಅವಸರದಲ್ಲಿಯೇ ಬಹುತೇಕ ನಷ್ಟಗಳ ಬೀಜ ಬೀಳುತ್ತದೆ.

ಅಂಬಡ್ ಎಂಬ ಹೆಸರಿನ ಇನ್ನೊಂದು ಊರೂ ಮಹಾರಾಷ್ಟ್ರದಲ್ಲಿದೆಯೆಂಬುದನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಅದು ಜಾಲ್ನಾ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿದ್ದು, ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ) ವಿಭಾಗಕ್ಕೆ ಸೇರಿದೆ. ಬೀದರ, ಕಲಬುರಗಿ, ರಾಯಚೂರುಗಳಂತೆ ಅದೂ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಎರಡೂ ಕಡೆಯ ಭೂಮಿಯ ಇತಿಹಾಸ ಬೇರೆ, ಆದುದರಿಂದ ಪರಿಶೀಲಿಸಬೇಕಾದ ಸಂಗತಿಗಳೂ ಸ್ವಲ್ಪ ಬೇರೆ. ದಾಖಲೆಯಲ್ಲಿ ಊರಿನ ಹೆಸರೊಂದನ್ನೇ ನೋಡದೆ ತಾಲ್ಲೂಕು, ಜಿಲ್ಲೆ ಮತ್ತು ಸರ್ವೆ ಅಥವಾ ಗಟ್ ಸಂಖ್ಯೆಗಳನ್ನು ಒಟ್ಟಿಗೆ ಓದತಕ್ಕದ್ದು.

ಏಜೆಂಟನು ಯಾರ ಪರ?

ಮನೆಯ ಏಜೆಂಟನು ಅನಗತ್ಯವಾದ ವ್ಯಕ್ತಿಯೆಂದಾಗಲಿ, ಅವನ ವೃತ್ತಿಯೇ ಮೋಸದ್ದೆಂದಾಗಲಿ ತಿಳಿಯುವುದು ಸರಿಯಲ್ಲ. ಯಾವ ಬೀದಿಯಲ್ಲಿ ನೀರಿನ ತೊಂದರೆಯಿದೆ, ಯಾವ ಕಟ್ಟಡದ ಲಿಫ್ಟು ಆರು ತಿಂಗಳಿನಿಂದ ನಿಂತಿದೆ, ಈ ವರ್ಷ ಇದೇ ಓಣಿಯಲ್ಲಿ ಮನೆಗಳು ಯಾವ ದರಕ್ಕೆ ಹೋಗಿವೆ ಎಂಬುದು ಅವನಿಗೆ ಗೊತ್ತಿರುವಷ್ಟು ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಭಾಷೆಯ ತೊಡಕಿರುವವರಿಗಂತೂ ಅವನ ನೆರವು ದೊಡ್ಡದು. ಆದರೆ ಅವನಿಗೆ ಹಣ ದೊರೆಯುವುದು ವ್ಯವಹಾರ ಮುಗಿದಾಗ ಮಾತ್ರ. ವ್ಯವಹಾರ ಮುರಿದುಬಿದ್ದರೆ ಎರಡು ತಿಂಗಳ ಅವನ ಓಡಾಟವೆಲ್ಲ ವ್ಯರ್ಥ. ‘ಈ ಮನೆ ನಿಮಗೆ ಬೇಡ’ ಎಂದು ಹೇಳುವುದರಿಂದ ಅವನಿಗೆ ಲಾಭವಿಲ್ಲ. ಕೊಳ್ಳುವವರು ಈ ಸಂಗತಿಯನ್ನು ಕಹಿಯಿಲ್ಲದೆ, ಆದರೆ ಸದಾ ನೆನಪಿನಲ್ಲಿಟ್ಟುಕೊಂಡಿರಬೇಕು.

ದಲ್ಲಾಳಿಯ ದರವನ್ನು ಕಾನೂನು ಗೊತ್ತುಪಡಿಸಿಲ್ಲ. ವಾಡಿಕೆಯಲ್ಲಿ ಬೆಲೆಯ ಶೇಕಡಾ 1ರಿಂದ 2ರವರೆಗೆ ಇರುತ್ತದೆ. ಹೊಸ ಕಟ್ಟಡವಾದರೆ ಸಾಮಾನ್ಯವಾಗಿ ಕಟ್ಟುವವನೇ ಅದನ್ನು ಕೊಡುತ್ತಾನೆ. ಹಳೆಯ ಮನೆಯ ಮರುಮಾರಾಟದಲ್ಲಿ ಮಾರುವವನಿಂದಲೂ ಕೊಳ್ಳುವವನಿಂದಲೂ ಪಡೆಯುವ ರೂಢಿಯುಂಟು. ಸಾಲ ಕೊಡಿಸುವ ಏರ್ಪಾಡನ್ನೂ ಅವನೇ ಮಾಡಿದರೆ, ಅಲ್ಲಿಯೂ ಅವನಿಗೆ ಕಮಿಷನ್ ಬರುವ ಸಂಭವವಿದೆ. ಇದಾವುದೂ ಅಪರಾಧವಲ್ಲ, ಆದರೆ ಕೊಳ್ಳುವವನಿಗೆ ತಿಳಿದಿರಬೇಕಾದದ್ದು. ಮೊದಲ ಭೇಟಿಯಲ್ಲೇ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಪಡೆಯುವುದು ಉತ್ತಮ: ನೀವು ಯಾರ ಪರವಾಗಿ ಕೆಲಸ ಮಾಡುತ್ತಿದ್ದೀರಿ, ನನ್ನಿಂದ ಎಷ್ಟು ಹಣವನ್ನು ಯಾವ ಹಂತದಲ್ಲಿ ಪಡೆಯುತ್ತೀರಿ, ಬೇರೆ ಯಾರಿಂದ ಪಡೆಯುತ್ತೀರಿ? ಕೇಳಲು ಸಂಕೋಚವಾಗುವುದು ಸಹಜ. ಆದರೆ ಪ್ರಾಮಾಣಿಕನಾದ ಏಜೆಂಟನು ಇದರಿಂದ ಬೇಸರಪಡುವುದಿಲ್ಲ.

ತೋರಿಸಿದ ಮನೆ ಏಜೆಂಟನದೇ ಅಥವಾ ಅವನ ಮನೆಯವರದೇ ಆಗಿದ್ದರೂ ಅದನ್ನು ಮುಚ್ಚಿಡುವುದುಂಟು. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ, ಒಬ್ಬನ ಪರವಾಗಿ ಕೆಲಸ ಮಾಡುವ ಏಜೆಂಟನು ಅವನಿಗೆ ತಿಳಿಸಿ ಒಪ್ಪಿಗೆ ಪಡೆಯದೆ ಅದೇ ವ್ಯವಹಾರದಲ್ಲಿ ತನ್ನ ಸ್ವಂತ ಲಾಭಕ್ಕಾಗಿ ಇಳಿದು, ಮುಖ್ಯವಾದ ಸಂಗತಿಯನ್ನು ಮರೆಮಾಚಿದ್ದರೆ ಅಥವಾ ಅದರಿಂದ ನೇಮಿಸಿದವನಿಗೆ ಹಾನಿಯಾಗಿದ್ದರೆ, ಅಂತಹ ವ್ಯವಹಾರವನ್ನು ನಿರಾಕರಿಸುವ ಅಧಿಕಾರ ನೇಮಿಸಿದವನಿಗಿದೆ. ಆದರೆ ಅವನು ಯಾರ ಏಜೆಂಟನೆಂಬುದಕ್ಕೆ ಬರಹವಿಲ್ಲದಿದ್ದರೆ ಈ ರಕ್ಷಣೆಯನ್ನು ಪಡೆಯುವುದು ಕಷ್ಟ.

ರೇರಾ ಕಾನೂನು ಕೊಟ್ಟಿರುವ ಹಕ್ಕುಗಳು

ಬಹುಕಾಲ ನಮ್ಮ ದೇಶದಲ್ಲಿ ಯಾರು ಬೇಕಾದರೂ ಫಲಕ ತೂಗುಹಾಕಿ ಮನೆಯ ದಲ್ಲಾಳಿ ಆಗಬಹುದಾಗಿತ್ತು. ಸಂಸತ್ತು 2016ರ ಮಾರ್ಚ್‌ನಲ್ಲಿ ಅಂಗೀಕರಿಸಿದ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮವು ಈ ಸ್ಥಿತಿಯನ್ನು ಬದಲಾಯಿಸಿತು. ಜನರ ಬಾಯಲ್ಲಿ ‘ರೇರಾ’ ಎಂದು ಕರೆಯಲ್ಪಡುವ ಈ ಕಾನೂನು 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಮಹಾರಾಷ್ಟ್ರದಲ್ಲಿ ಇದಕ್ಕಾಗಿ ‘ಮಹಾರೇರಾ’ ಪ್ರಾಧಿಕಾರವೂ, ಕರ್ನಾಟಕದಲ್ಲಿ ಕರ್ನಾಟಕ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರವೂ ಇವೆ. 500 ಚದರ ಮೀಟರಿಗಿಂತ ಹೆಚ್ಚಿನ ನೆಲದಲ್ಲಿ ಅಥವಾ 8ಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟುವ ಯೋಜನೆಯನ್ನು ನೋಂದಾಯಿಸದೆ ಮಾರುವಂತಿಲ್ಲ. ಅಂತಹ ನೋಂದಾಯಿತ ಯೋಜನೆಯ ಮನೆಗಳನ್ನು ಮಾರಿಸಿಕೊಡುವ ಏಜೆಂಟನೂ ತನ್ನ ಹೆಸರನ್ನು ನೋಂದಾಯಿಸಿಕೊಂಡಿರಬೇಕು. ಫಲಕದಲ್ಲಿ ಅವನು ತನ್ನನ್ನು ಏನೆಂದು ಕರೆದುಕೊಂಡಿದ್ದರೂ ಸರಿಯೇ. ನೋಂದಾಯಿಸದೆ ದಂಧೆ ನಡೆಸಿದರೆ ದಿನಕ್ಕೆ 10,000 ರೂಪಾಯಿಗಳಂತೆ, ಮಾರಿಸಿದ ಮನೆಯ ಬೆಲೆಯ ಶೇಕಡಾ 5ರವರೆಗೂ ದಂಡ ವಿಧಿಸಬಹುದಾಗಿದೆ.

ಮಹಾರಾಷ್ಟ್ರದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಏಜೆಂಟರು ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾ ಪ್ರಮಾಣಪತ್ರ ಹೊಂದಿರುವುದನ್ನು 2024ರ ಜನವರಿ 1ರಿಂದ ಕಡ್ಡಾಯ ಮಾಡಲಾಗಿದೆ. 2023ರ ಆಗಸ್ಟ್‌ನಿಂದ ಯೋಜನೆಯ ಜಾಹೀರಾತುಗಳಲ್ಲಿ ಕ್ಯೂಆರ್ ಸಂಕೇತವನ್ನೂ ಮುದ್ರಿಸಬೇಕಾಗಿದೆ. ಮೊಬೈಲ್ ಫೋನನ್ನು ಅದರ ಎದುರು ಹಿಡಿದರೆ ಯೋಜನೆಯ ಸರ್ಕಾರಿ ವಿವರಗಳ ಪುಟವೇ ತೆರೆದುಕೊಳ್ಳುತ್ತದೆ. ಅನುಮೋದಿತ ನಕ್ಷೆ, ಮುಗಿಸುವ ದಿನಾಂಕ, ಆ ಭೂಮಿಯ ಮೇಲಿನ ಸಾಲ, ನಡೆಯುತ್ತಿರುವ ವ್ಯಾಜ್ಯ, ಮಾರಾಟವಾಗಿರುವ ಮನೆಗಳ ಸಂಖ್ಯೆ ಎಲ್ಲವನ್ನೂ ಅಲ್ಲಿ ನೋಡಬಹುದು. ನಮ್ಮ ಕಾರ್ಮಿಕನು ಆ ಭಾನುವಾರ ಸಂಜೆ ಮಾಡಬೇಕಾದ ಮೊದಲ ಕೆಲಸ ಇದೇ. ಇದಕ್ಕೆ ಹತ್ತು ನಿಮಿಷ ಸಾಕು; ಹಣವೇನೂ ಖರ್ಚಾಗುವುದಿಲ್ಲ. ಏಜೆಂಟನು ತೋರಿಸುವ ಪ್ರಮಾಣಪತ್ರದ ಛಾಯಾಪ್ರತಿಯನ್ನು ನಂಬದೆ, ಅದರಲ್ಲಿರುವ ಸಂಖ್ಯೆಯನ್ನು ತಾವೇ ಪ್ರಾಧಿಕಾರದ ಜಾಲತಾಣದಲ್ಲಿ ಹುಡುಕಿ ಹೆಸರು ಹೊಂದುತ್ತದೆಯೇ, ಅವಧಿ ಮುಗಿದಿಲ್ಲವೇ ಎಂದು ನೋಡಬೇಕು. ಯೋಜನೆಯ ಸಂಖ್ಯೆ ಬೇರೆ, ಏಜೆಂಟನ ಸಂಖ್ಯೆ ಬೇರೆ. ಒಂದನ್ನು ತೋರಿಸಿ ಎರಡೂ ಸರಿಯಿವೆಯೆಂದು ನಂಬಿಸುವುದುಂಟು.

ಈ ಅಧಿನಿಯಮದ 10ನೆಯ ಪ್ರಕರಣವು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಮನೆಯನ್ನು ಕಾಯ್ದಿರಿಸುವ ಸಮಯದಲ್ಲಿ ಕೊಳ್ಳುವವನಿಗೆ ಸಲ್ಲಬೇಕಾದ ಎಲ್ಲ ಮಾಹಿತಿ ಮತ್ತು ದಾಖಲೆಗಳು ಅವನ ಕೈಸೇರುವಂತೆ ನೋಡಿಕೊಳ್ಳುವುದು ಏಜೆಂಟನ ಕರ್ತವ್ಯವೆಂದು ಅದು ಹೇಳುತ್ತದೆ. ಇಲ್ಲದ ಸೌಕರ್ಯಗಳನ್ನು ಇವೆಯೆಂದು ಹೇಳುವುದನ್ನೂ ಅದು ನಿಷೇಧಿಸುತ್ತದೆ. ಅಂದರೆ ದಾಖಲೆ ಕೇಳುವುದು ಅಪನಂಬಿಕೆಯ ಲಕ್ಷಣವಲ್ಲ. ‘ಮೊದಲು ಟೋಕನ್ ಕೊಡಿ, ಕಾಗದಪತ್ರ ಆಮೇಲೆ ನೋಡೋಣ’ ಎನ್ನುವವನು ಕಾನೂನಿನ ಕ್ರಮವನ್ನೇ ತಲೆಕೆಳಗು ಮಾಡುತ್ತಿದ್ದಾನೆ.

13ನೆಯ ಪ್ರಕರಣವೂ ಅಷ್ಟೇ ಉಪಯುಕ್ತವಾದುದು. ಲಿಖಿತ ಮಾರಾಟ ಕರಾರನ್ನು ಮಾಡಿಕೊಂಡು ನೋಂದಾಯಿಸದ ಹೊರತು, ಕಟ್ಟುವವನು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕಟ್ಟಡದ ವಿನ್ಯಾಸದಲ್ಲಿ, ಕಾಮಗಾರಿಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳವರೆಗೆ ಅದನ್ನು ತನ್ನ ಖರ್ಚಿನಲ್ಲಿ ಸರಿಪಡಿಸುವ ಹೊಣೆ ಅವನದೇ ಆಗಿದೆ. ಹೇಳಿದ ದಿನಾಂಕಕ್ಕೆ ಮನೆ ಕೊಡದಿದ್ದರೆ, ಕೊಳ್ಳುವವನು ವ್ಯವಹಾರದಿಂದ ಹಿಂದೆ ಸರಿದು ಕೊಟ್ಟ ಹಣವನ್ನು ಬಡ್ಡಿಸಹಿತ ಕೇಳಬಹುದು. ಅಥವಾ ಮನೆಯನ್ನೇ ಉಳಿಸಿಕೊಂಡು, ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು.

ಆದರೆ ರೇರಾ ಸಂಖ್ಯೆ ಇದೆಯೆಂದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದು ಭಾವಿಸಬಾರದು. ನೋಂದಣಿಯು ಸರ್ಕಾರವು ಕೊಟ್ಟ ಭರವಸೆಯಲ್ಲ. ಕಟ್ಟುವವನು ತಾನೇ ಘೋಷಿಸಿದ ವಿವರಗಳನ್ನು ಸಾರ್ವಜನಿಕರ ಮುಂದಿಡುವ ವ್ಯವಸ್ಥೆ ಮಾತ್ರ. ಮತ್ತೊಂದು ಮಿತಿಯೂ ಇದೆ: ಒಬ್ಬ ಗೃಹಸ್ಥನು ಇನ್ನೊಬ್ಬನಿಗೆ ತನ್ನ ಹಳೆಯ ಮನೆಯನ್ನು ಮಾರುವಾಗ ಈ ಕಾನೂನು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅಲ್ಲಿ ಏಜೆಂಟನು ನೋಂದಾಯಿಸಿಕೊಂಡಿರಲೇಬೇಕೆಂಬ ನಿಯಮವೂ ಇಲ್ಲ. ಅಂಬಡ್ ಪರಿಸರದ ಸಿಡ್ಕೋ ಬಡಾವಣೆಗಳಲ್ಲಿ ಕೈಬದಲಾಗುವ ಹಳೆಯ ಮನೆಗಳು ಹೆಚ್ಚಾಗಿ ಈ ವರ್ಗಕ್ಕೆ ಸೇರುತ್ತವೆ. ಮೊದಲ ಬಾರಿಗೆ ಕೊಳ್ಳುವವರ ಕೈಗೆಟಕುವ ಬೆಲೆಯವೂ ಅವೇ ಆಗಿರುವುದರಿಂದ, ಕಾನೂನಿನ ನೆರಳು ಕಡಿಮೆಯಿರುವ ಕಡೆಯಲ್ಲೇ ಬಡವರ ವ್ಯವಹಾರ ಹೆಚ್ಚು ನಡೆಯುತ್ತದೆಯೆಂದು ಹೇಳಬೇಕಾಗುತ್ತದೆ. ಅಂತಹ ಕಡೆ ದಾಖಲೆಯ ಪರಿಶೀಲನೆಯೊಂದೇ ಆಶ್ರಯ.

ಮರಾಠಿ ದಾಖಲೆಗಳನ್ನು ಓದುವ ಬಗೆ

ಕರ್ನಾಟಕದಿಂದ ಹೋದವರು ಮೊದಲು ಕೇಳುವುದು ಋಣಭಾರ ಪ್ರಮಾಣಪತ್ರವನ್ನು. ನಮ್ಮಲ್ಲಿ ಉಪನೋಂದಣಾಧಿಕಾರಿಯ ಕಚೇರಿಯಿಂದ ಅದನ್ನು ಪಡೆಯುವುದು ರೂಢಿ. ಮಹಾರಾಷ್ಟ್ರದಲ್ಲಿ ಅದರ ಬದಲು ವಕೀಲರೊಬ್ಬರು ನೋಂದಣಿ ಕಚೇರಿಯ ಸೂಚಿಗಳನ್ನು ಸಾಮಾನ್ಯವಾಗಿ ಹಿಂದಿನ 30 ವರ್ಷಗಳವರೆಗೆ ಶೋಧಿಸಿ ‘ಸರ್ಚ್ ರಿಪೋರ್ಟ್’ ಎಂಬ ವರದಿ ಕೊಡುವ ಪದ್ಧತಿಯಿದೆ. ಪ್ರತಿಯೊಂದು ನೋಂದಾಯಿತ ವ್ಯವಹಾರದ ಸಾರಾಂಶವು ‘ಸೂಚಿ ಕ್ರಮಾಂಕ 2’ (ಇಂಡೆಕ್ಸ್ ಟು) ಎಂಬ ಹಾಳೆಯಲ್ಲಿರುತ್ತದೆ. ಈ ವಕೀಲರನ್ನು ಏಜೆಂಟನೇ ಗೊತ್ತುಮಾಡಿಕೊಡುವುದು ಬೇಡ. ಕೊಳ್ಳುವವರು ತಾವೇ ಹುಡುಕಿ, ತಾವೇ ಫೀಸು ಕೊಟ್ಟರೆ ಆ ವಕೀಲರು ಅವರ ವಕೀಲರಾಗಿರುತ್ತಾರೆ. ಬ್ಯಾಂಕಿನ ವಕೀಲರು ನೋಡಿದ್ದಾರೆಂಬ ಸಮಾಧಾನವೂ ಸಾಲದು. ಅವರು ನೋಡುವುದು ಬ್ಯಾಂಕಿನ ಸಾಲದ ಸುರಕ್ಷತೆಯನ್ನು.

ನಮ್ಮ ಪಹಣಿಗೆ ಸಮನಾದುದು ಮಹಾರಾಷ್ಟ್ರದ ‘ಸಾತ್-ಬಾರಾ ಉತಾರಾ’, ಅಂದರೆ ಗ್ರಾಮ ನಮೂನೆ 7 ಮತ್ತು 12. ಉತಾರ ಎಂಬ ಮಾತು ವಿಜಯಪುರ, ಬೆಳಗಾವಿ ಕಡೆಯವರಿಗೆ ಹೊಸದೇನಲ್ಲ. ಏಳನೆಯ ನಮೂನೆಯಲ್ಲಿ ಹಕ್ಕುದಾರರ ಹೆಸರುಗಳೂ, ಹನ್ನೆರಡನೆಯದರಲ್ಲಿ ಬೆಳೆಯ ವಿವರವೂ ಇರುತ್ತವೆ. ಹೆಸರುಗಳನ್ನು ನೋಡಿ ನಿಲ್ಲಿಸದೆ ‘ಇತರ್ ಅಧಿಕಾರ’ ಎಂಬ ಅಂಕಣವನ್ನೂ ಓದಬೇಕು. ಸಹಕಾರ ಸಂಘದ ಸಾಲ, ಗೇಣಿಯ ಹಕ್ಕು, ಹಸ್ತಾಂತರದ ನಿರ್ಬಂಧ ಮುಂತಾದವು ಅಲ್ಲಿ ಅಡಗಿರುತ್ತವೆ. ‘ಭೋಗವಟಾದಾರ ವರ್ಗ 2’ ಎಂದು ಬರೆದಿದ್ದರೆ, ಆ ಭೂಮಿಯನ್ನು ಸರ್ಕಾರಿ ಅಧಿಕಾರಿಯ ಅನುಮತಿಯಿಲ್ಲದೆ ಹಸ್ತಾಂತರಿಸುವಂತಿಲ್ಲವೆಂದು ಅರ್ಥ. ಜಾಲ್ನಾ ಜಿಲ್ಲೆಯ ಅಂಬಡ್ ಕಡೆ ಈ ಎಚ್ಚರ ಇನ್ನೂ ಅಗತ್ಯ. ನಿಜಾಮರ ಕಾಲದ ಇನಾಮು ಮತ್ತು ದೇವಸ್ಥಾನದ ಭೂಮಿಗಳ ಪ್ರಶ್ನೆ ಮರಾಠವಾಡದಲ್ಲಿ ಇನ್ನೂ ಪೂರ್ಣವಾಗಿ ಮುಗಿದಿಲ್ಲ. ನಗರ ಸರ್ವೆಯಾಗಿರುವ ಕಡೆ ಸಾತ್-ಬಾರಾ ಬದಲು ‘ಪ್ರಾಪರ್ಟಿ ಕಾರ್ಡ್’ ಇರುತ್ತದೆ. ಹೆಸರು ಬದಲಾದ ಬಗೆಯನ್ನು ‘ಫೇರ್‌ಫಾರ್’ ದಾಖಲೆ ತಿಳಿಸುತ್ತದೆ.

ಕೆಲವು ಮರಾಠಿ ಪದಗಳು ಕನ್ನಡಿಗರನ್ನು ದಾರಿ ತಪ್ಪಿಸುವಂತಿವೆ. ನಮ್ಮಲ್ಲಿ ‘ಪಾವತಿ’ ಎಂದರೆ ಹಣ ಸಲ್ಲಿಸುವುದು. ಮರಾಠಿಯಲ್ಲಿ ಪಾವತಿ ಎಂದರೆ ರಸೀದಿ. ಸಂಚಕಾರ ಅಥವಾ ಮುಂಗಡಕ್ಕೆ ಅಲ್ಲಿ ‘ಇಸಾರ’ ಎನ್ನುತ್ತಾರೆ. ‘ಇಸಾರ ಪಾವತಿ’ ಎಂಬುದು ಮುಂಗಡದ ಚೀಟಿ ಮಾತ್ರ, ಅದರಿಂದ ಮನೆಯ ಮೇಲೆ ಒಡೆತನ ಬರುವುದಿಲ್ಲ. ‘ಸಾಠೇಖತ’ ಎಂದರೆ ಮಾರುವುದಾಗಿ ಒಪ್ಪಿದ ಕರಾರು. ಒಡೆತನ ವರ್ಗವಾಗುವುದು ‘ಖರೇದಿಖತ’, ಅಂದರೆ ಕ್ರಯಪತ್ರ ನೋಂದಣಿಯಾದಾಗ ಮಾತ್ರ. ‘ಮುಖತ್ಯಾರಪತ್ರ’ ಅಥವಾ ಅಧಿಕಾರಪತ್ರದ ಮೂಲಕ ಮನೆ ಮಾರುವ ರೂಢಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯ ತೀರ್ಪಿನಲ್ಲಿ, ಅದರಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಕಟ್ಟಡವು ವಾಸಯೋಗ್ಯವೆಂದು ನಗರಪಾಲಿಕೆ ಕೊಡುವ ಪತ್ರಕ್ಕೆ ಮರಾಠಿಯಲ್ಲಿ ‘ಭೋಗವಟಾ ಪ್ರಮಾಣಪತ್ರ’ ಎಂದು ಹೆಸರು. ನಮ್ಮ ಸ್ವಾಧೀನಾನುಭವ ಪತ್ರವೇ ಅದು. ಇದಿಲ್ಲದ ಮನೆಯನ್ನು ‘ಎಲ್ಲರೂ ಹೀಗೆಯೇ ಇದ್ದಾರೆ’ ಎಂಬ ಮಾತಿಗೆ ಮರುಳಾಗಿ ಕೊಳ್ಳತಕ್ಕದ್ದಲ್ಲ.

ಭೂಮಿಯ ಸ್ವರೂಪದ ಬಗ್ಗೆಯೂ ಒಂದೆರಡು ಮಾತು. ಕೈಗಾರಿಕಾ ನಿಗಮದ ನಿವೇಶನಗಳು 95 ವರ್ಷಗಳ ಗುತ್ತಿಗೆಯವು. ಸಿಡ್ಕೋ ಕೊಟ್ಟ ಮನೆಗಳೂ ಮೂಲತಃ ಗುತ್ತಿಗೆಯ ಹಕ್ಕಿನವೇ ಆಗಿದ್ದು, ಅಂತಹ ಮನೆ ಕೈಬದಲಾಗಲು ಆ ಸಂಸ್ಥೆಯ ಅನುಮತಿ ಮತ್ತು ಹಸ್ತಾಂತರ ಶುಲ್ಕಗಳು ಬೇಕಾಗುತ್ತವೆ. ‘ಈ ಮನೆ ಪೂರ್ಣ ಒಡೆತನಕ್ಕೆ ಪರಿವರ್ತನೆಯಾಗಿದೆ’ ಎಂದು ಏಜೆಂಟನು ಹೇಳಿದರೆ, ಆ ಮನೆಗೆ ಸಂಬಂಧಿಸಿದ ಆದೇಶದ ಪ್ರತಿಯನ್ನು ಕೇಳಬೇಕು. ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಕೈಬದಲಾಯಿಸಿದ್ದರೆ, ಬಾಕಿ ಶುಲ್ಕದ ಹೊರೆ ಕೊನೆಯಲ್ಲಿ ಕೊಂಡವನ ಮೇಲೆಯೇ ಬೀಳುತ್ತದೆ. ಇನ್ನು ನಗರದ ಹೊರವಲಯದಲ್ಲಿ ಹೊಲವನ್ನೇ ಒಂದೆರಡು ಗುಂಟೆಗಳಾಗಿ ತುಂಡರಿಸಿ ‘ಮುಂದೆ ಎನ್.ಎ. ಆಗುತ್ತದೆ’ ಎಂದು ಮಾರುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಜಮೀನು ತುಂಡಾಗುವುದನ್ನು ತಡೆಯುವ ಕಾನೂನು 1947ರಿಂದಲೂ ಇದೆ. ಕೃಷಿಯೇತರ ಆದೇಶವೂ, ಮಂಜೂರಾದ ಬಡಾವಣೆ ನಕ್ಷೆಯೂ ಈಗಲೇ ಕೈಯಲ್ಲಿಲ್ಲದ ನಿವೇಶನಕ್ಕೆ, ಎಷ್ಟೇ ಅಗ್ಗವಾಗಿದ್ದರೂ, ಮೊದಲ ಬಾರಿಗೆ ಕೊಳ್ಳುವವರು ಕೈಹಾಕದಿರುವುದೇ ಲೇಸು.

ಲೆಕ್ಕ

ಏಜೆಂಟನು ಹೇಳುವ ಬೆಲೆಗೂ, ಕೊನೆಗೆ ಕೈಬಿಡುವ ಹಣಕ್ಕೂ ಬಹಳ ಅಂತರವಿರುತ್ತದೆ. ‘30 ಲಕ್ಷದ ಮನೆ, ಬ್ಯಾಂಕು 27 ಲಕ್ಷ ಕೊಡುತ್ತದೆ, ನಿಮ್ಮ ಹತ್ತಿರ 3 ಲಕ್ಷ ಇದ್ದರೆ ಸಾಕು’ ಎಂದು ನಮ್ಮ ಕಾರ್ಮಿಕನಿಗೆ ಹೇಳಲಾಗಿದೆಯೆಂದು ಇಟ್ಟುಕೊಳ್ಳೋಣ. 30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇಕಡಾ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮಗಳು ಅವಕಾಶ ಕೊಡುತ್ತವೆಯಾದ್ದರಿಂದ ಈ ಮಾತು ಸುಳ್ಳೆನ್ನುವಂತಿಲ್ಲ. ಆದರೆ ಅಷ್ಟು ಸಾಲ ಸಿಕ್ಕೇ ಸಿಗುತ್ತದೆಂದಲ್ಲ, ಅದು ಸಂಬಳವನ್ನು ಅವಲಂಬಿಸಿರುತ್ತದೆ. ಅಲ್ಲದೆ ಈ ಬೆಲೆಯ ಮನೆಯಲ್ಲಿ ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳನ್ನು ಸಾಲದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಸ್ಥಳೀಯ ಅಧಿಭಾರವೂ ಸೇರಿ ಮುದ್ರಾಂಕ ಶುಲ್ಕವನ್ನು ಶೇಕಡಾ 6 ಎಂದು ಹಿಡಿದರೆ 1,80,000 ರೂಪಾಯಿ. ನೋಂದಣಿ ಶುಲ್ಕ ಶೇಕಡಾ 1ರಂತೆ 30,000. ಕಟ್ಟುತ್ತಿರುವ, ಕೈಗೆಟಕುವ ದರದ ವರ್ಗದ ಮನೆಯಾದರೆ ಸರಕು ಮತ್ತು ಸೇವಾ ತೆರಿಗೆ ಶೇಕಡಾ 1ರಂತೆ 30,000. ದಲ್ಲಾಳಿ ಶೇಕಡಾ 1 ಎಂದರೆ ಮತ್ತೆ 30,000. ಹೀಗೆ 2,70,000 ರೂಪಾಯಿ ಮೇಲೆ ಬಂತು. ಬೇಕಾದದ್ದು 3 ಲಕ್ಷವಲ್ಲ, 5,70,000. ಮನೆಯು ಆ ವರ್ಗಕ್ಕೆ ಸೇರದಿದ್ದರೆ ತೆರಿಗೆ ಶೇಕಡಾ 5 ಆಗುತ್ತದೆ. ಪೂರ್ಣಗೊಂಡ ಪ್ರಮಾಣಪತ್ರ ಪಡೆದ ನಂತರ ಮಾರುವ ಮನೆಗೆ ಈ ತೆರಿಗೆಯಿಲ್ಲ. ಮನೆಯನ್ನು ಹೆಂಗಸರ ಹೆಸರಿನಲ್ಲಿ ಮಾತ್ರ ಕೊಂಡರೆ ಮಹಾರಾಷ್ಟ್ರದಲ್ಲಿ 2021ರಿಂದ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1ರ ರಿಯಾಯಿತಿಯಿದೆ. ಮೇಲಿನ ಲೆಕ್ಕದಲ್ಲಿ ಅದು 30,000 ರೂಪಾಯಿಗಳ ಉಳಿತಾಯ. ಒಡವೆ ಅಡವಿಟ್ಟ ಗೃಹಿಣಿಗೆ ಇದು ನ್ಯಾಯವೂ ಹೌದು.

ವಿಸ್ತೀರ್ಣದ ವಿಷಯದಲ್ಲಿ ‘ಸೂಪರ್ ಬಿಲ್ಟ್‌ಅಪ್’ ಎಂಬ ಮಾತು ಇನ್ನೂ ಬಳಕೆಯಿಂದ ಹೋಗಿಲ್ಲ. ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲನ್ನೂ ಸೇರಿಸಿ ಹೇಳುವ ಅಳತೆ ಅದು. ಶೇಕಡಾ 35 ಹೀಗೆ ಸೇರಿಸಿದ್ದರೆ 900 ಚದರ ಅಡಿಯೆಂದು ಹೇಳಿದ ಮನೆಯಲ್ಲಿ ನಿಜವಾಗಿ ಬಳಸಲು ಸಿಗುವುದು ಸುಮಾರು 667 ಚದರ ಅಡಿ. ರೇರಾ ಕಾನೂನು ಹೊರಗೋಡೆಗಳ ಒಳಗಿನ ‘ಕಾರ್ಪೆಟ್’ ವಿಸ್ತೀರ್ಣವನ್ನು ವ್ಯಾಖ್ಯಾನಿಸಿದ್ದು, ಮನೆಯ ಅಳತೆಯನ್ನು ಅದರಂತೆಯೇ ಹೇಳಬೇಕಾಗಿದೆ. ಎರಡು ಮನೆಗಳನ್ನು ಹೋಲಿಸುವಾಗ ಈ ಅಳತೆಯಿಂದಲೇ ಹೋಲಿಸಬೇಕು.

ಸರ್ಕಾರದ ಸಹಾಯಧನ ಕೊಡಿಸುವುದಾಗಿ ಹೇಳಿ ಬೇರೆ ಹಣ ಕೇಳುವ ಏಜೆಂಟರೂ ಇರುತ್ತಾರೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ, ವಾರ್ಷಿಕ ಆದಾಯ 9 ಲಕ್ಷ ರೂಪಾಯಿಗಳವರೆಗೆ ಇರುವ ಕುಟುಂಬವು 35 ಲಕ್ಷದವರೆಗಿನ ಮನೆಗೆ 25 ಲಕ್ಷದವರೆಗೆ ಸಾಲ ಪಡೆದರೆ, ಒಟ್ಟು 1,80,000 ರೂಪಾಯಿಗಳವರೆಗೆ ಬಡ್ಡಿಯ ಸಹಾಯಧನವು 5 ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೇ ಜಮೆಯಾಗುತ್ತದೆ. 27 ಲಕ್ಷ ಸಾಲ ಮಾಡುವ ನಮ್ಮ ಕಾರ್ಮಿಕನು ಈ ಮಿತಿಯನ್ನು ದಾಟುತ್ತಾನೆಂಬುದನ್ನು ಏಜೆಂಟನು ಹೇಳುವುದಿಲ್ಲ. ಕುಟುಂಬದವರ ಹೆಸರಿನಲ್ಲಿ ದೇಶದ ಎಲ್ಲಿಯೂ ಪಕ್ಕಾ ಮನೆ ಇರಬಾರದೆಂಬ ಷರತ್ತೂ ಇದೆ. ಊರಿನಲ್ಲಿ ತನ್ನ ಹೆಸರಿಗೆ ಮನೆ ಇರುವವನು ಅದನ್ನು ಮುಚ್ಚಿಟ್ಟು ಘೋಷಣೆಗೆ ಸಹಿ ಹಾಕಿದರೆ, ಹೊಣೆಗಾರನಾಗುವವನು ಅವನೇ ಹೊರತು ಅರ್ಜಿ ತುಂಬಿಸಿದ ಏಜೆಂಟನಲ್ಲ.

ಟೋಕನ್ ಹಣ

ಆ ಭಾನುವಾರದ ಸಂಜೆಗೆ ಮತ್ತೆ ಬರೋಣ. ಮನೆ ನಿಜವಾಗಿಯೂ ಹಿಡಿಸಿದ್ದು, ಕೈತಪ್ಪೀತೆಂಬ ಭಯವೂ ಇದ್ದರೆ, ಅಲ್ಪ ಮೊತ್ತವನ್ನು ಕೊಟ್ಟು ಕಾಯ್ದಿರಿಸುವುದು ತಪ್ಪಲ್ಲ. ಆದರೆ ಹಣವು ಏಜೆಂಟನ ಕೈಗಾಗಲಿ ಅವನ ಖಾತೆಗಾಗಲಿ ಹೋಗಬಾರದು. ದಾಖಲೆಯಲ್ಲಿ ಮಾಲೀಕನೆಂದು ಹೆಸರಿರುವವನ, ಅಥವಾ ಯೋಜನೆಗೆಂದು ಘೋಷಿಸಿದ ಬ್ಯಾಂಕ್ ಖಾತೆಗೆ ಚೆಕ್ಕಿನ ಮೂಲಕವೋ ಬ್ಯಾಂಕ್ ವರ್ಗಾವಣೆಯ ಮೂಲಕವೋ ಸಲ್ಲಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದ ನಿಷೇಧಿಸಿದೆ. ಬೆಲೆಯ ಒಂದು ಭಾಗವನ್ನು ‘ಕಪ್ಪು’ ಹಣವಾಗಿ ಕೊಟ್ಟವನಿಗೆ, ವ್ಯವಹಾರ ಮುರಿದಾಗ ಆ ಭಾಗವನ್ನು ಕೇಳಲು ಯಾವ ಕಾಗದವೂ ಇರುವುದಿಲ್ಲ.

ಮುಂಗಡದ ಚೀಟಿಯಲ್ಲಿ ಮನೆಯ ಸಂಖ್ಯೆ, ಕಾರ್ಪೆಟ್ ವಿಸ್ತೀರ್ಣ, ಒಟ್ಟು ಬೆಲೆ, ಕರಾರು ಮಾಡಿಕೊಳ್ಳಬೇಕಾದ ದಿನಾಂಕಗಳನ್ನು ಬರೆಸಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಹಣ ಹಿಂದಿರುಗಿಸುವ ಷರತ್ತು. ‘ದಾಖಲೆಗಳಲ್ಲಿ ದೋಷ ಕಂಡುಬಂದರೆ, ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ, ಇಂತಿಷ್ಟು ದಿನಗಳೊಳಗೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದು’ ಎಂಬ ಒಂದು ವಾಕ್ಯ ಆ ಚೀಟಿಯಲ್ಲಿದ್ದರೆ, ಕಾರ್ಮಿಕನ ಹೆಂಡತಿಯ ಒಡವೆ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಇದನ್ನು ಬರೆಯಲು ಒಪ್ಪದವನಿಗೆ ಅಂದು ಹಣ ಕೊಡಬಾರದು. ಸಂಜೆ ಬರಬೇಕಾಗಿದ್ದ ಇನ್ನೊಂದು ಪಾರ್ಟಿ ನಿಜವಾಗಿಯೂ ಬಂದು ಮನೆ ಕೊಂಡರೆ ಕೊಳ್ಳಲಿ. ಕಾರ್ಖಾನೆಯ ಊರಿನಲ್ಲಿ ಮಾರಾಟಕ್ಕಿರುವ ಮನೆಗಳಿಗೆ ಬರವಿರುವುದಿಲ್ಲ.

ತಕರಾರು ಬಂದಾಗ

ನೋಂದಾಯಿತ ಯೋಜನೆಯಾದರೆ ಕಟ್ಟುವವನ ಮೇಲೆ ಮಾತ್ರವಲ್ಲದೆ ಏಜೆಂಟನ ಮೇಲೆಯೂ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಸುಳ್ಳು ಹೇಳಿ ಮಾರಿಸಿದ್ದು ಸಾಬೀತಾದರೆ ಅವನ ನೋಂದಣಿಯನ್ನು ಪ್ರಾಧಿಕಾರವು ರದ್ದುಪಡಿಸಬಹುದಾಗಿದೆ. ಮಹಾರೇರಾದಲ್ಲಿ ಉಭಯ ಪಕ್ಷಗಳನ್ನು ಕೂರಿಸಿ ರಾಜಿ ಮಾಡಿಸುವ ವೇದಿಕೆಯೂ ಇದೆ. ರೇರಾ ಅನ್ವಯಿಸದ ಕಡೆ, ದಲ್ಲಾಳಿ ಪಡೆದ ಏಜೆಂಟನ ಸೇವಾಲೋಪದ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದಲ್ಲಾಳಿ ಕೊಟ್ಟಿದ್ದಕ್ಕೆ ರಸೀದಿ ಇದ್ದರೆ ಅದಕ್ಕೆ ಬಲ ಹೆಚ್ಚು. ಒಂದೇ ಮನೆಯನ್ನು ಇಬ್ಬರಿಗೆ ಮಾರಿದಂತಹ ಸಂದರ್ಭದಲ್ಲಿ ಪೊಲೀಸರಿಗೆ ವಂಚನೆಯ ದೂರು ಕೊಡಬೇಕು. ಆದರೆ ಆದೇಶ ಸಿಗುವುದಕ್ಕೂ ಹಣ ಕೈಸೇರುವುದಕ್ಕೂ ನಡುವಿನ ದಾರಿ ದೀರ್ಘವಾದುದು. ರೇರಾ ಆದೇಶದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಕೊಡಬೇಕಾದವರು ಜಿಲ್ಲಾಡಳಿತದವರು. ಎದುರಾಳಿಯ ಹೆಸರಿನಲ್ಲಿ ಜಪ್ತಿಗೆ ಸಿಗುವ ಆಸ್ತಿಯೇ ಇಲ್ಲದಿದ್ದರೆ ಆ ಆದೇಶವು ಬಹುಕಾಲ ಕಾಗದವಾಗಿಯೇ ಉಳಿಯುತ್ತದೆ.

ದೂರಿಗೆ ಆಧಾರವಾಗುವುದು ಆಡಿದ ಮಾತಲ್ಲ, ಉಳಿದ ಬರಹ. ಏಜೆಂಟನು ಫೋನಿನಲ್ಲಿ ಕೊಟ್ಟ ಭರವಸೆಯನ್ನು ಅದೇ ದಿನ ಸಂದೇಶದ ಮೂಲಕ ಅವನಿಗೇ ಬರೆದು, ‘ನೀವು ಹೀಗೆ ಹೇಳಿದ್ದೀರಿ’ ಎಂದು ದೃಢಪಡಿಸಿಕೊಂಡಿರಬೇಕು. ಜಾಹೀರಾತಿನ ಹಾಳೆಯನ್ನೂ ಎಸೆಯಬಾರದು. ಅದರಲ್ಲಿನ ಸುಳ್ಳು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟವನಿಗೆ ಪರಿಹಾರ ಪಡೆಯುವ ಹಕ್ಕನ್ನು ರೇರಾ ಕಾನೂನಿನ 12ನೆಯ ಪ್ರಕರಣ ಕೊಟ್ಟಿದೆ.

ಎಲ್ಲವೂ ಸರಿಯಾಗಿ ನಡೆದು ಕ್ರಯಪತ್ರ ನೋಂದಣಿಯಾದ ಮೇಲೆ ಏಜೆಂಟನ ಕೆಲಸ ಮುಗಿಯುತ್ತದೆ, ಕೊಂಡವನದು ಮುಗಿಯುವುದಿಲ್ಲ. ದಲ್ಲಾಳಿಯ ಕೊನೆಯ ಕಂತನ್ನು ಈ ಹಂತದಲ್ಲಿ, ರಸೀದಿ ಪಡೆದು ಕೊಡುವುದು ಕ್ರಮ. ನೋಂದಣಿಯಾದ ಪತ್ರದ ಜೊತೆ ಸೂಚಿ ಕ್ರಮಾಂಕ 2ರ ಪ್ರತಿಯನ್ನು ಕೇಳಿ ಪಡೆಯಬೇಕು. ಸಹಕಾರಿ ಗೃಹಸಂಘವಿರುವ ಕಟ್ಟಡದಲ್ಲಿ ಷೇರು ಪ್ರಮಾಣಪತ್ರವು ತನ್ನ ಹೆಸರಿಗೆ ಬರುವಂತೆ ಅರ್ಜಿ ಕೊಡಬೇಕು. ಹಿಂದಿನ ಮಾಲೀಕನು ಉಳಿಸಿಹೋದ ಮನೆ ತೆರಿಗೆ, ವಿದ್ಯುತ್ತು, ನಿರ್ವಹಣಾ ಶುಲ್ಕಗಳಿಲ್ಲವೆಂಬ ಪತ್ರಗಳನ್ನು ನೋಂದಣಿಗೆ ಮೊದಲೇ ಪಡೆದಿದ್ದರೆ, ನಗರಪಾಲಿಕೆಯ ತೆರಿಗೆ ಪುಸ್ತಕದಲ್ಲಿ ಹೆಸರು ಬದಲಾಯಿಸಿಕೊಳ್ಳುವಾಗ ತೊಂದರೆಯಾಗುವುದಿಲ್ಲ.